ಎಣ್ಣೆ ಬಟ್ಟಲಲ್ಲಿ ಕಾಣದ ಮುಖ

ಗುತ್ತಲು, ಮಂಡ್ಯ
೧೨ ಆಗಸ್ಟ್ ೧೯೪೩

ಚಿ. ಸೌ. ಕನಕಲಕ್ಷ್ಮಿಗೆ,

‘ತಂದೆಯಾದವನು ಬಂಡೆಯಂತಿರಬೇಕು’ ಎಂದೋ ‘ಬೆಟ್ಟದಂತಿರಬೇಕು’ ಎಂದೋ ನನ್ನ ಅತ್ತೆ ಹೇಳುತ್ತಿದ್ದರು. ಯಾವುದೇ ಆಗಲಿ, ಬಂಡೆ ಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ನಾನು ಕೇಳಲಿಲ್ಲ. ನೀನು ಹೇಗಿದ್ದೀಯೆ? ಮಗುವಿಗೆ ಹಾಲು ಸಾಲುತ್ತಿದೆಯೆ? ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡ. ಮಳವಳ್ಳಿಯ ಗಾಳಿ ಬಾಣಂತಿಗೆ ಆಗದು.

ನಿನ್ನ ಗಂಡನ ವಿಷಯ ಬರೆಯಬೇಕು. ಮಗು ಮೂಲಾ ನಕ್ಷತ್ರದಲ್ಲಿ ಹುಟ್ಟಿದ್ದರಿಂದ ಶಾಂತಿಯಾಗುವವರೆಗೆ ತಂದೆ ಮುಖ ನೋಡಬಾರದೆಂದು ಪಾರ್ಥನನ್ನು ನಿಮ್ಮ ಜಗಲಿಯಿಂದಲೇ ಕಳಿಸಿದೆವಲ್ಲ, ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ‘ನನ್ನಿಂದ ಮಗುವಿಗೆ ಏನೋ ಆಗುತ್ತಮ್ಮ’ ಎಂದು ಅತ್ತ. ‘ಹೆತ್ತವಳು ಅವಳು, ನರಳೋನು ನೀನೇನೋ?’ ಎಂದೆ. ಊಟಕ್ಕೆ ಕೂತಿದ್ದ ನೆಂಟರೆಲ್ಲ ನಕ್ಕರು. ನಾನೂ ನಕ್ಕೆ.

ಶಾಂತಿಯ ದಿನ ನೀನು ಮಗುವನ್ನು ಹಿಡಿದು ಅವನ ಬೆನ್ನ ಹಿಂದೆ ನಿಂತಿದ್ದೆ. ಅವನ ಮುಖ ನಿನಗೆ ಕಾಣಲಿಲ್ಲ. ಎಣ್ಣೆಯ ಬಟ್ಟಲಲ್ಲಿ ಮಗುವಿನ ನೆರಳು ನೋಡೆಂದರೆ, ತೀರ ಬಗ್ಗಿ ತನ್ನ ಮುಖವನ್ನೇ ನೋಡಿಕೊಂಡ. ‘ಕಾಣಲಿಲ್ಲಮ್ಮ, ಇನ್ನೊಂದು ಸಲ’ ಎಂದು ಪಿಸುಗುಟ್ಟಿದ. ಪುರೋಹಿತರಿಗೆ ಕೇಳಿಸಿದರೆ ಶಾಂತಿ ಕೆಟ್ಟಿತು ಎಂದಾರೆಂದು, ‘ನೋಡಿದ, ನೋಡಿದ’ ಎಂದು ನಾನೇ ಕೂಗಿ ಎಬ್ಬಿಸಿದೆ. ಎಣ್ಣೆಯಲ್ಲಿ ಕಾಣದ್ದನ್ನು ನೇರ ನೋಡಿದರೆ ಕೇಡೆಂದು ಹೆದರಿ, ಅವನು ಹಿಂತಿರುಗಿಯೂ ನೋಡದೆ ಹೊರಟುಬಂದ. ನೀನು ಅದನ್ನು ಅಸಡ್ಡೆ ಎಂದುಕೊಂಡೆ. ನಾನು ತಿದ್ದಲಿಲ್ಲ.

ಈಗ ಪಾಠ ಹೇಳಲು ಶಾಲೆಗೂ ಹೋಗುತ್ತಿಲ್ಲ. ಅಳುವ ಗಂಡಸು ಹಸಿದರೆ ನೆಟ್ಟಗಾಗುತ್ತಾನೆಂದು ಎರಡು ದಿನ ಎಲೆ ಹಾಕಲಿಲ್ಲ. ಅವನು ಕೇಳಲೂ ಇಲ್ಲ.

ಮಗುವಿನ ನೆತ್ತಿ ಗಟ್ಟಿಯಾಗಲಿ, ನಿನ್ನ ಮಡಿಲು ತಣ್ಣಗಿರಲಿ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತೆ,
ಆಂಡಾಳ್

ಬರೆಯದೆ ಬಿಟ್ಟದ್ದು: ನೀನು ಅವನಿಗೆ ಬರೆದ ಎರಡು ಕಾಗದ ನನ್ನ ಪೆಟ್ಟಿಗೆಯಲ್ಲಿವೆ. ‘ಒಂದು ಸಲ ಬನ್ನಿ, ಮಗುವನ್ನು ನಿಮ್ಮ ತೊಡೆಯ ಮೇಲೇ ಮಲಗಿಸುತ್ತೇನೆ’ ಎಂದು ಬರೆದಿದ್ದೀಯೆ. ಓದಿದರೆ ಇನ್ನೂ ಮೆತ್ತಗಾಗುತ್ತಾನೆಂದು ಕೊಡಲಿಲ್ಲ. ಇವತ್ತು ಕೊಡೋಣವೆಂದು ತೆಗೆದರೆ ಅವನು ಮನೆಯಲ್ಲಿಲ್ಲ. ಈ ಕಾಗದ ಮಡಿಸುತ್ತಿರುವಾಗಲೇ ಪಕ್ಕದ ಮನೆಯ ಪಟ್ಟಲಮ್ಮ ಓಡಿಬಂದು ಬಾಗಿಲಲ್ಲಿ ನಿಂತಿದ್ದಾಳೆ: “ಅಮ್ಮಾರೆ, ನಿಮ್ಮ ಮಗಯ್ಯ ಮದ್ದೂರಾಗೆ ಮಳವಳ್ಳಿ ಬಸ್ಸಿಗೆ ಕಾಯ್ತಾ ಯಾರ್ದೋ ಕೂಸ ಎತ್ಕಂಡ್ರಂತೆ. ‘ಮೊಕ ನೋಡ್ಕಂಡು ಕೊಟ್ಬುಡ್ತೀನಿ’ ಅಂದ್ರೂ ಬುಡ್ದೆ, ಕೂಸ್ ಕಳ್ಳ ಅಂತ ಜನ ಒಡ್ದವ್ರೆ ಕಣಮ್ಮ. ಓಗಿ ಕರ್ಕಂಬನ್ನಿ.”