ಮೇಜಿನ ಕೆಳಗಿನ ಹೆಬ್ಬೆರಳು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಈಗ ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಚಾಪೆಯನ್ನು ಮೂಲೆಗೆ ಒರಗಿಸಿ ಅದರ ಮುಖ ನೋಡುತ್ತಾ ಕೂತಿದ್ದೀಯೋ? ಭಾವನವರ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಮ್ಮವರು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ, ಕೈಗೆ ಅದೇ ಅಭ್ಯಾಸ. ಚೆನ್ನಾಗಿಲ್ಲ ಅಕ್ಕಾ. ಸುಸ್ತಾಗಿದೆ. ಎಷ್ಟು ಮಲಗಿ ಎದ್ದರೂ ಹೋಗದ ಸುಸ್ತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದ ಕೂಡಲೇ ನಿನಗೆ ಸಮಾಧಾನವಾಗುವಂಥದ್ದನ್ನೇ ಹೇಳಿ ಮುಗಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಲ್ಯಾಬಿನ ಸಂಗತಿ ನಿನಗೆ ಅರ್ಧ ಗೊತ್ತು. ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು ನಾನು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ಅಚ್ಚಿಗೆ ಹಾಕುವುದು, ಉಜ್ಜಿ ಹೊಳಪು ಕೊಡುವುದು. ಯಾರ ಮುಖವನ್ನೂ ನೋಡಬೇಕಿಲ್ಲ, ಅವರ ದವಡೆಯ ಅಚ್ಚು ನೋಡಿದರೆ ಸಾಕು. ಸುಖವಾಗಿದ್ದೆ. ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ ಕೆಲಸ ಬಿಟ್ಟಳು ನೋಡು, ಮಧ್ಯಾಹ್ನದ ಮೇಲೆ ಎಲ್ಲರೂ ಸರದಿಯಂತೆ ಅಲ್ಲಿ ಕೂರಬೇಕು ಅಂದರು ಯಜಮಾನರು. ಬಾಗಿಲ ಗಂಟೆ, ಎರಡು ಫೋನು, ಕಣ್ಣು ಚುಚ್ಚುವ ಟ್ಯೂಬ್‌ಲೈಟು, ಇವುಗಳ ನಡುವೆ ಬಂದವರ ಮಾತಿನಲ್ಲಿ ಯಾವುದು ತಮಾಷೆ, ಯಾವುದು ದೂರು ಎಂದು ಹುಡುಕಬೇಕು. ಒಬ್ಬ ಮುದುಕರು ಹೊಸ ಸೆಟ್ಟು ಹಾಕಿಕೊಂಡು, "ಹಿಂಗೆ ಮನೆಗೆ ಹೋದ್ರೆ ನಮ್ಮವಳು ನನ್ನ ಗುರುತೇ ಹಿಡಿಯಲ್ಲ" ಅಂದರು. ಹಳೇ ಫೋಟೋ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಎಂದು ನಾನು ಗಂಭೀರವಾಗಿ ಸಲಹೆ ಕೊಟ್ಟೆ. ಒಳಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ಈಗ ನಗುತ್ತಿರುತ್ತೀಯ, ನಗು.

ಆಮೇಲೊಂದು ಮಧ್ಯಾಹ್ನ ಕೌಂಟರಿನಲ್ಲೇ ನನ್ನ ಬಾಯಿ ಕಟ್ಟಿಹೋಯಿತು. ಹೇಳಬೇಕಾದ ಮಾತು ತಲೆಯಲ್ಲಿದೆ, ನಾಲಗೆಗೆ ಬರುತ್ತಿಲ್ಲ. ನಮ್ಮವರು ಬಂದು ಕರೆದುಕೊಂಡು ಹೋದರು. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಹೋಗಿ ಮಲಗಿದವಳು ಮಾರನೆಯ ದಿನವೂ ಮಾತಾಡಲಿಲ್ಲ. ಅವರು ಒಂದು ಪ್ರಶ್ನೆಯನ್ನೂ ಕೇಳದೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಅದೊಂದಕ್ಕೆ ಅವರ ಇಷ್ಟು ವರ್ಷದ ಗೊರಕೆಯನ್ನು ಮನ್ನಿಸಿದ್ದೇನೆ.

ಹೀಗೆ ಈ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋದದ್ದು. ಆಟಿಸಂ ಇರಬಹುದು ಅಂದರು. ಅದು ಮಾತು ಬಾರದ ಚಿಕ್ಕ ಹುಡುಗರಿಗೆ ಇರುವಂಥದ್ದು ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲವಂತೆ. ಇದು ಹುಟ್ಟಿನಿಂದಲೇ ಬಂದ ಮನಸ್ಸಿನ ರೀತಿಯಂತೆ. ಹೆಣ್ಣುಮಕ್ಕಳು ಎಷ್ಟೋ ಸಲ ಉಳಿದವರನ್ನು ನೋಡಿ ನೋಡಿ, ಹೀಗೆ ನಗಬೇಕು, ಹೀಗೆ ಕೂರಬೇಕು ಎಂದು ಬಾಯಿಪಾಠ ಮಾಡಿಬಿಡುತ್ತಾರಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ. "ಇಷ್ಟು ವರ್ಷ ನಟಿಸಿದ ಆಯಾಸ ಇದು" ಅಂದರು. ಅಲ್ಲಿ ತಲೆಯಾಡಿಸಿ ಬಂದೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಳು ಉಕ್ಕಿ ಬಂತು. ದೊರೆಸಾನಿ ಅಂದವರು, ಸೊಕ್ಕು ಅಂದವರು, ನೆಂಟರು ಬಂದರೆ ಕೋಣೆ ಸೇರುತ್ತಾಳೆ ಎಂದು ಆಡಿಕೊಂಡವರು ಎಲ್ಲರೂ ನೆನಪಾದರು. ಅವರ ಮಾತನ್ನು ನಾನೂ ನಂಬಿಬಿಟ್ಟಿದ್ದೆನಲ್ಲ, ಅದಕ್ಕೆ ಹೆಚ್ಚು ಅಳು ಬಂತು.

ಆದರೆ ಖಚಿತವಾಗಿ ಹೇಳಲು ನನ್ನ ಮಾತೊಂದೇ ಸಾಲದು, ಚಿಕ್ಕಂದಿನಿಂದ ನೋಡಿದವರೂ ಹೇಳಬೇಕು ಅಂದರು. ಅಮ್ಮ ಇಲ್ಲವಲ್ಲ, ನಿನ್ನ ನಂಬರು ಕೊಟ್ಟೆ. ನೀನು ಏನೇನು ಹೇಳಿದೆ ಎಂದು ಆಮೇಲೆ ತಿಳಿಸಿದರು. "ನಮ್ಮವಳು ಬಂಗಾರ. ಸ್ವಲ್ಪ ನಾಚಿಕೆ, ಅಷ್ಟೇ. ಎಲ್ಲರ ಜೊತೆ ಬೆರೀತಿದ್ಲು, ನಗ್ತಾ ನಗ್ತಾ ಇರ್ತಿದ್ಲು." ನಮ್ಮಿಬ್ಬರ ಮಾತಿಗೂ ತಾಳೆಯಾಗುತ್ತಿಲ್ಲ, ಹೀಗಾದರೆ ಏನನ್ನೂ ಬರೆದುಕೊಡಲು ಬರುವುದಿಲ್ಲ ಅಂದರು ಡಾಕ್ಟರಮ್ಮ. ಅವರು ಬರೆದುಕೊಟ್ಟರೆ ಯಜಮಾನರು ನನ್ನನ್ನು ಹಿಂದಿನ ಕೋಣೆಗೇ ಬಿಡುತ್ತಾರೆ. ಇಲ್ಲದಿದ್ದರೆ ಈ ರಜೆ ಮುಗಿದು ಒಂದನೇ ತಾರೀಖಿನಿಂದ ಮತ್ತೆ ಕೌಂಟರು. ನನ್ನಿಂದ ಆಗುವುದಿಲ್ಲ.

ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಊಟದ ಮೇಜು ನೆನಪಾಯಿತು. ಮನೆಗೆ ಯಾರೇ ಬರಲಿ, ನೀನು ನನ್ನ ಪಕ್ಕದಲ್ಲೇ ಕೂರುತ್ತಿದ್ದೆ. ಮೇಜಿನ ಕೆಳಗೆ ನಿನ್ನ ಹೆಬ್ಬೆರಳು ಒಂದು ಸಲ ನನ್ನ ಪಾದ ಒತ್ತಿದರೆ ನಗಬೇಕು, ಎರಡು ಸಲ ಒತ್ತಿದರೆ ಮಾತು ನಿಲ್ಲಿಸಬೇಕು, ಜೋರಾಗಿ ತುಳಿದರೆ ಎದುರಿನವರ ಆರೋಗ್ಯ ಕೇಳಬೇಕು. ಸೋದರಮಾವ ಅಂಗಡಿ ಮುಳುಗಿದ ಕಥೆ ಹೇಳುವಾಗ ನಿನ್ನ ಕಾಲು ಜೋಮು ಹಿಡಿದು ಅಲುಗಿ ನನ್ನ ಪಾದ ಒತ್ತಿ, ನಾನು ಕಿಸಕ್ಕನೆ ನಕ್ಕದ್ದು ಜ್ಞಾಪಕವಿದೆಯಾ? "ನಾನೇ ಕಚಗುಳಿ ಇಟ್ಟೆ" ಎಂದು ನೀನು ಅಮ್ಮನ ಕೈಲಿ ಏಟು ತಿಂದೆ. "ನಾಲ್ಕು ಜನರ ಮುಂದೆ ಇವಳ ಮಾನ ಕಾಪಾಡೇ" ಎಂದು ಅಮ್ಮ ನಿನಗೆ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಫೋನಿನಲ್ಲೂ ನೀನು ಅದನ್ನೇ ಮಾಡಿದ್ದೀಯ. ನೀನು ಮದುವೆಯಾಗಿ ಹೋದಮೇಲೆ ಎಷ್ಟೋ ದಿನ ನನ್ನ ಕಾಲು ಮೇಜಿನ ಕೆಳಗೆ ಕಾಯುತ್ತಿತ್ತು. ನಿನ್ನಷ್ಟು ನನ್ನನ್ನು ಯಾರೂ ನೋಡಿಕೊಂಡಿಲ್ಲ ಅಕ್ಕಾ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಚಿಕ್ಕಮ್ಮನ ಮುದ್ದು. ಚಾಪೆ ಬಿಚ್ಚಿ ವ್ಯಾಯಾಮ ಮಾಡು.

ನಿನ್ನ
ಗೂಬೆ

ವಿ.ಸೂ.: ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ಗುರುವಾರ ಡಾಕ್ಟರಮ್ಮ ನಿನಗೆ ಇನ್ನೊಮ್ಮೆ ಫೋನ್ ಮಾಡುತ್ತಾರೆ, ನಾನೇ ಕೇಳಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ಎಲ್ಲರ ಜೊತೆ ನಗುತ್ತಿದ್ದಳಾ ಎಂದು ಮತ್ತೆ ಕೇಳುತ್ತಾರೆ. ನಗುತ್ತಿದ್ದಳು ಅಂತಲೇ ಹೇಳು, ಅದು ನಿಜ. ಯಾರು ಕಾಲು ಒತ್ತಿದರೆ ನಗುತ್ತಿದ್ದಳು ಅನ್ನುವುದನ್ನೂ ಈ ಸಲ ಹೇಳಿಬಿಡು.