ಪಕ್ಕದಲ್ಲಿ ಕೂತು ಹೇಳಿದ್ದು

ಅಮ್ಮಾ,

ಇವತ್ತು ಇಲ್ಲಿನ ವಾಲ್ನಟ್ ಕ್ರೀಕ್ ಊರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದಾಗ ಟಿವಿಯಲ್ಲಿ ನಿನ್ನ ಆ ಡಾಕ್ಟರ್ ಬಂದ. ಅದೇ ನಗು, ಕೈಯಲ್ಲಿ ಸಕ್ಕರೆ ಕಾಯಿಲೆಗೆಂದು ಮಾರುವ ಅದೇ ಪುಡಿಯ ಡಬ್ಬಿ. ಎದುರು ಕುರ್ಚಿಯಲ್ಲಿ ಕಾಯುತ್ತಿದ್ದವನೊಬ್ಬ ಅವನನ್ನು ಕಳ್ಳ ಎಂದು ಬೈದ. ಎಲ್ಲರೂ ನಕ್ಕರು. ನಾನು ಆ ಡಬ್ಬಿಯನ್ನೇ ನೋಡುತ್ತಿದ್ದೆ.

ಮನೆಯ ಟಿವಿಯಲ್ಲಿ ಅವನಾಡುವ ಇಂಗ್ಲಿಷು ನಿನಗೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. "ನೀನ್ ಹೇಳಿದ್ಮೇಲೆ ಸರೀನೇ ಇರತ್ತೆ ಬಿಡು" ಎನ್ನುತ್ತಿದ್ದೆ ನೀನು. ಆ ಪುಡಿಯನ್ನು ನಂಬಿ ನೀನು ನುಂಗದೆ ಬಿಟ್ಟ ಮಾತ್ರೆಗಳು, ನೀನು ಹೋದ ಮೇಲೂ, ಇನ್ನೂ ಅಡುಗೆಮನೆಯ ಕಪಾಟಿನಲ್ಲೇ ಇವೆ.

ಇವತ್ತು ಕ್ಲಿನಿಕ್ಕಿಗೆ ಬಂದಾಗಲೇ ನನ್ನ ಊರು ವಿಚಾರಿಸಿದ್ದ ಹಾಸನದ ಅಜ್ಜಿಯೊಬ್ಬರು ಪಕ್ಕದಲ್ಲಿದ್ದರು. ತೋಳು ತಟ್ಟಿ ಟಿವಿ ತೋರಿಸಿದರು.

"ಏನ್ ಹೇಳ್ತಾವ್ನವ್ವ ಆ ಡಾಕ್ಟ್ರು? ವಸಿ ಕನ್ನಡದಲ್ಲಿ ಹೇಳು."

"ನಂಗೂ ಇಂಗ್ಲಿಷ್ ಬರಲ್ಲ, ಅಜ್ಜಿ" ಅಂದೆ.