ದೊರೆ ಇರುವ ಮನೆ

ಕೊರಟಗೆರೆ
ಮಂಗಳವಾರ ಸಂಜೆ, 11-3-2025

ಪ್ರೀತಿಯ ಲಕ್ಷ್ಮೀದೇವಿಗೆ,

ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ‘ಪ್ರೀತಿಯ’ ಎಂದು ಓದಿ ನಗಬೇಡ, ಪಕ್ಕದಲ್ಲಿ ಬೀಗಿತ್ತಿ ಇದ್ದರೆ ಅವರಿಗೆ ತೋರಿಸಲೂಬೇಡ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅವರ ಮನೆಯ ಬಚ್ಚಲಿಗೆ ಮೆಟ್ಟಿಲು ಇಳಿಯಬೇಕೆಂದು ಮಗಳು ಸ್ಪಂದನಾ ಒಮ್ಮೆ ಹೇಳಿದ ನೆನಪು. ಕೂಸಿಗೆ ಎಣ್ಣೆನೀರು ಹಾಕುವ ಭರದಲ್ಲಿ ನೀನು ಜಾರಿ ಬಿದ್ದರೆ ಬಾಣಂತಿಯೇ ನಿನ್ನ ಸೇವೆ ಮಾಡಬೇಕಾದೀತು, ಜೋಪಾನ. ಸ್ಪಂದನಾ ಸರಿಯಾಗಿ ಉಣ್ಣುತ್ತಿದ್ದಾಳಾ? ಬೆಳ್ಳುಳ್ಳಿ ಕಂಡರೆ ಮುಖ ಸಿಂಡರಿಸುವವಳು ಬಾಣಂತಿ ಖಾರವನ್ನು ಹೇಗೆ ತಿನ್ನುತ್ತಾಳೋ. ಕೂಸು ನಿದ್ದೆ ಮಾಡಲು ಬಿಡುತ್ತದೆಯೇ? ಅಳಿಯ ನವೀನ್ ಕುಮಾರ್ ಕಳಿಸಿದ ಫೋಟೋ ನೋಡಿದೆ. ಮೂಗು ಥೇಟ್ ನಿನ್ನದೇ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ನನಗಂತೂ ಆ ಫೋಟೋದಲ್ಲಿ ಟೋಪಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯ, ಗೊತ್ತು. ಫೋನಿನಲ್ಲಿ ನೀನು “ಹ್ಞೂಂ, ಸರಿ, ಮಡಗ್ತೀನಿ” ಅಂದುಬಿಡುತ್ತೀಯ. ನನ್ನ ಮೇಲಿನ ಸಿಟ್ಟು ಒಂದು ಕಡೆ, ಬೀಗರ ಎದುರು ಸಿಟ್ಟು ತೋರಿಸಬಾರದೆಂಬ ಮರ್ಯಾದೆ ಇನ್ನೊಂದು ಕಡೆ. ನಡುವೆ ನನಗೆ ಸಿಗುವುದು ಆ ಮೂರು ಮಾತು. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ನಾನು ಹೇಳುವುದನ್ನು ಪೂರ್ತಿ ಕೇಳು.

ಬರೆಯಲು ಕೂತಾಗಿನಿಂದ ಎಷ್ಟು ಸಲ ಎದ್ದು ಹೋದೆನೋ. ಪಂಜರದಲ್ಲಿ ದೊರೆ ಕಿರುಚುತ್ತಿದ್ದಾನೆ. ಬಿಸಿಲು ಇಳಿಯುವ ಹೊತ್ತಿಗೆ ಶುರು ಮಾಡಿದರೆ ದೀಪ ಹಚ್ಚುವವರೆಗೂ ನಿಲ್ಲಿಸುವುದಿಲ್ಲ, ಅದು ನಿನಗೂ ಗೊತ್ತಿದ್ದದ್ದೇ. ಗೊತ್ತಿಲ್ಲದ್ದೆಂದರೆ ಈಗ ಬೆಳಿಗ್ಗೆಯೂ ಕಿರುಚುತ್ತಾನೆ. ಹೊರಗೆ ಬಿಟ್ಟರೆ ನನ್ನ ಹೊಲಿಗೆ ಮಿಷನ್ನಿನ ಮೇಲೆ ಕೂತು, ಕಾಜಾ ಹಾಕಿ ಗುಂಡಿ ಹೊಲಿದಿಟ್ಟ ಅಂಗಿಗಳನ್ನು ಎಳೆದುಕೊಂಡು, ಆ ಕೊಕ್ಕಿನಲ್ಲಿ ಒಂದೊಂದೇ ಗುಂಡಿ ಕಿತ್ತು ಕೆಳಗೆ ಹಾಕಿ, ಅದು ಬಿದ್ದ ಸದ್ದನ್ನು ಕತ್ತು ಓರೆ ಮಾಡಿ ಕೇಳುತ್ತಾನೆ. ಮೊನ್ನೆ ಪೋಸ್ಟ್‌ಮಾಸ್ತರರ ಸಫಾರಿಗೆ ಆ ಗತಿಯಾಯಿತು. ನನ್ನ ಮರದ ಸ್ಕೇಲನ್ನು ಕಡಿದು ಕಡಿದು ಮೊಳವಿದ್ದದ್ದನ್ನು ಗೇಣು ಮಾಡಿದ್ದಾನೆ. ಆದರೆ ಇವೆಲ್ಲ ಚೇಷ್ಟೆ ಬಿಡು, ಸಹಿಸಬಹುದು. ಎದೆಯ ಮೇಲಿನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದ್ದಾನೆ. ಕತ್ತಿನ ಕೆಳಗೆ ಅಂಗೈಯಗಲ ಬರೀ ಚರ್ಮ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಲಿಗೆ ಬಿಟ್ಟು ಏಳುತ್ತೇನೆ. ಅಂಗಡಿ ಬಾಗಿಲಿಗೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಮತ್ತೆ ಬಾಗಿಲಿಗೆ ಹೋಗುತ್ತೇನೆ.

ನಿನಗೆ ಸಿಟ್ಟು ಬಂದದ್ದು ತಪ್ಪು ಎಂದು ನಾನು ಎಲ್ಲೂ ಹೇಳಿಲ್ಲ. ಸೀಮಂತ ಮುಗಿಸಿಕೊಂಡು ಸ್ಪಂದನಾ ಬಂದ ದಿನವೇ ದೊರೆಯ ಮೈಯಿಂದ ಉದುರುವ ಆ ಹಿಟ್ಟಿನಂಥ ಬಿಳಿ ಧೂಳಿಗೆ ಅವಳಿಗೆ ಉಬ್ಬಸ ಬಂತು. ಉಸಿರೆಳೆಯಲಾಗದೆ ಕಟ್ಟೆಯ ಮೇಲೆ ಕೂತವಳನ್ನು ನಾನೂ ನೋಡಿದ್ದೇನೆ. ಅಳಿಯ ಬಂದು ಮರುದಿನವೇ ಕರೆದುಕೊಂಡು ಹೋದ. ಮೊದಲನೇ ಬಾಣಂತನ ತವರಿನಲ್ಲಿ ಆಗಬೇಕು. ಅದಕ್ಕೆಂದು ನೀನು ವರ್ಷದಿಂದ ಹಳೆಯ ಸೀರೆ ಒಗೆದೊಗೆದು ಮೆತ್ತಗೆ ಮಾಡಿ ಇಟ್ಟಿದ್ದೆ. ಅವತ್ತು ನೀನು ಅಡುಗೆಮನೆಯ ಹೊಸಿಲ ಮೇಲೆ ನಿಂತು, “ಏನ್ರೀ, ಈ ಹಕ್ಕಿ ಇರೋ ಮನೆಗೆ ನನ್ ಮಗಳು ಎಳೇ ಕೂಸು ಎತ್ಕಂಡು ಬರಂಗಿಲ್ಲ. ಎಲ್ಲಾನ ಕೊಟ್ಬುಡಿ ಅದ್ನ. ಒಂದಾ ಅದು, ಇಲ್ಲಾ ನಾವು” ಎಂದೆ. ನಾನು ಕತ್ತರಿ ಕೆಳಗಿಡದೆ, “ಅದು ಎಲ್ಲೂ ಹೋಗಲ್ಲ” ಎಂದೆ. ನೀನು ಓಂಕಾಳು, ಶುಂಠಿ, ಆ ಹಳೆಯ ಸೀರೆಗಳು, ಎಲ್ಲ ಗಂಟು ಕಟ್ಟಿಕೊಂಡು ತಿರುಮಣಿ ಬಸ್ ಹತ್ತಿದೆ. ತಾಯಿಯಾದವಳು ಅಳಿಯನ ಮನೆಯಲ್ಲಿ ಕೂತು ಮಗಳ ಬಾಣಂತನ ಮಾಡುವ ಹಾಗಾಯಿತು. ಅಲ್ಲಿ ಬೀಗಿತ್ತಿ ಬಂದವರಿಗೆಲ್ಲ, “ಏಮಿ ಚೇಸ್ತಾಮಮ್ಮ, ಏನ್ ಮಾಡಾದು, ಅವ್ರ ಮನೇಲಿ ಹಕ್ಕೀಗೇ ಜಾಗ ಸಾಲ್ದಂತೆ” ಅನ್ನುತ್ತಿದ್ದಾರೆಂದು ನನ್ನ ಕಿವಿಗೂ ಬಿದ್ದಿದೆ. ಈ ಮಾತು ನನಗೆ ನಾಟಲಿಲ್ಲ ಅಂದುಕೊಂಡೆಯಾ?

ಆದರೂ ನೀನು ಒಂದು ಯೋಚಿಸಬೇಕು. ರಂಗೇಶ ತೀರಿಕೊಂಡಾಗ ಶಿರಾದಲ್ಲಿ ಅವನ ಕೋಣೆಗೆ ನಾವಿಬ್ಬರೂ ಹೋದೆವು. ಮದುವೆ ಬೇಡವೆಂದು ಕೂತಿದ್ದ ನನ್ನ ತಮ್ಮನಿಗೆ ಇದ್ದದ್ದು ಆ ಮೊಬೈಲ್ ರಿಪೇರಿ ಅಂಗಡಿ, ಮತ್ತೆ ಈ ದೊರೆ. ಯಾರೋ ಗಿರಾಕಿ ಊರು ಬಿಟ್ಟು ಹೋಗುವಾಗ ಕೊಟ್ಟ ಈ ಬಿಳಿ ಕಾಕಟೂ ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ರಿಪೇರಿ ಮಾಡುತ್ತಿದ್ದ. ಹಳದಿ ಜುಟ್ಟು ಬಿಚ್ಚಿ ಕೂತರೆ ಕಿರೀಟ ಇಟ್ಟ ಹಾಗಿದೆ ಅಂತ ದೊರೆ ಎಂದು ಹೆಸರಿಟ್ಟವನೂ ಅವನೇ. ಎದೆನೋವೆಂದು ಕೂತವನು ಮೇಲೇಳಲಿಲ್ಲ. ಆಮೇಲೆ ಬಂದ ನೆಂಟರು ಅವನ ಸ್ಕೂಟರ್ ಕೇಳಿದರು, ಟೀವಿ ಕೇಳಿದರು, ಕೊನೆಗೆ ಗೋಡೆಯ ಫ್ಯಾನೂ ಬಿಚ್ಚಿದರು. ಆ ಪಂಜರಕ್ಕೆ ಯಾರೂ ಕೈ ಹಾಕಲಿಲ್ಲ. ನಾವು ಬಾಗಿಲು ಹಾಕಿಕೊಂಡು ಹೊರಡುವಾಗ ಒಳಗಿನಿಂದ ಈ ಹಕ್ಕಿ, “ಅಣ್ಣೋ, ಉಂಡ್ಯಾ?” ಎಂದು ಕೇಳಿತಲ್ಲ, ನೀನು ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕುಸಿದೆಯಲ್ಲ, ಮರೆತೆಯಾ? ದಿನಾ ಮಧ್ಯಾಹ್ನ ರಂಗೇಶ ನನಗೆ ಫೋನ್ ಮಾಡಿ ಕೇಳುತ್ತಿದ್ದ ಮಾತು ಅದು. ಅದೇ ದನಿ, ಅದೇ ಎಳೆತ. ಪಂಜರ ಎತ್ತಿಕೊಂಡದ್ದು ನಾನಾದರೂ ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದವಳು ನೀನು.

ಒಂದು ನಿಮಿಷ. ಎದ್ದು ಹೋಗಿ ಬಂದೆ. ನೀರಿನ ಬಟ್ಟಲು ಮಗುಚಿ ಹಾಕಿದ್ದಾನೆ.

ಕೂಸು ಹುಟ್ಟಿದಾಗ ನಾನು ಬರಲಿಲ್ಲ ಎಂದು ನೀನು ಆಡಿಕೊಳ್ಳುತ್ತೀಯಂತೆ. ಹೊರಟಿದ್ದೆ. ಮಧುಗಿರಿವರೆಗೂ ಬಂದಿದ್ದೆ. ಪಂಜರಕ್ಕೆ ಕಾಳು, ನೀರು ಎಲ್ಲ ಇಟ್ಟು, ಬೀಗದ ಕೈಯನ್ನು ಎದುರುಮನೆ ಮಹಾಲಕ್ಷ್ಮಮ್ಮನಿಗೆ ಕೊಟ್ಟಿದ್ದೆ. ಪಾವಗಡದ ಬಸ್ ಹತ್ತುವಷ್ಟರಲ್ಲಿ ಆಕೆಯ ಫೋನ್: “ಗಂಗಾದರಣ್ಣ, ಬ್ಯಾಗ ಬಂದ್ಬುಡಣ್ಣ, ಇದು ಕಿರುಚ್ಕಂಡು ಕಂಬಿಗೆ ತಲೆ ಹೊಡ್ಕೊತೈತೆ, ರಕ್ತ ಬರ್ತೈತೆ ಕಣಣ್ಣ.” ವಾಪಸ್ ಬಂದೆ. ಹೆಸರಿಡುವ ದಿನವೂ ಅದೇ ಭಯಕ್ಕೆ ಹೊರಡಲೇ ಇಲ್ಲ. ನನಗೆ ಮೈ ಸರಿಯಿಲ್ಲ ಎಂದು ನವೀನನಿಗೆ ಸುಳ್ಳು ಹೇಳಿದೆ. ಹೀಗೆ ಅಜ್ಜನಾದವನು ಮೊಮ್ಮಗಳನ್ನು ಕಂಡಿರುವುದು ಅಂಗೈಯಗಲದ ಗಾಜಿನಲ್ಲಿ. ಅದೂ ಟೋಪಿ.

ಇನ್ನೊಂದು ವಿಷಯ ನಿನಗೆ ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಗರಿ ಕಿತ್ತುಕೊಳ್ಳುವುದು ಹೆಚ್ಚಾದಾಗ ಮಹಾಲಕ್ಷ್ಮಮ್ಮ ಬಂದು ನೋಡಿ, “ಊರೋರೆಲ್ಲ ಬಂದು ಬಾಯಿ ಬಿಟ್ಕಂಡು ನೋಡ್ತಾರೆ, ಇಂಗೆ ಬೆಳ್ಳಗೈತೆ, ದೃಷ್ಟಿ ಆಗ್ದೆ ಇನ್ನೇನಾಯ್ತದೆ?” ಎಂದರು. ನನಗೂ ಹೌದೆನ್ನಿಸಿತು. ಸ್ಪಂದನಾ ಚಿಕ್ಕವಳಿದ್ದಾಗ ಅನ್ನ ಬಿಟ್ಟರೆ ನೀನು ಮಾಡುತ್ತಿದ್ದದ್ದೂ ಅದನ್ನೇ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಎಲ್ಲ ಪಂಜರದ ಸುತ್ತ ನಿವಾಳಿಸಿದರು. ಕೆಂಡ ಬೇಕೆಂದರು. ನಾನೇ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು ಮುಂದಿಟ್ಟೆ. ಗಾಳಿಗೆ ಕೆಂಡ ಹಾರೀತೆಂದು ಬಾಗಿಲನ್ನೂ ನಾನೇ ಎಳೆದೆ. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲವಂತೆ. ಬಂದ ಘಾಟಿಗೆ ಬೀದಿಯವರೆಲ್ಲ ಕೆಮ್ಮಿದರು. ನಾವಿಬ್ಬರೂ ಕಣ್ಣು ಒರೆಸಿಕೊಂಡು ಹೊರಗೆ ಓಡಿದೆವು. ಪಂಜರದ ನೆನಪಾಗಿ ಮತ್ತೆ ಒಳಗೆ ನುಗ್ಗಿದರೆ ದೊರೆ ತಳದಲ್ಲಿ ರೆಕ್ಕೆ ಹರಡಿಕೊಂಡು ಬಿದ್ದಿದ್ದ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ. ಮಗಳು ಕಟ್ಟೆಯ ಮೇಲೆ ಕೂತು ಒದ್ದಾಡಿದ್ದು ಆಗ ಕಣ್ಣೆದುರು ಬಂತು. ಬಾಡಿಗೆ ಕಾರು ಮಾಡಿಕೊಂಡು ತುಮಕೂರಿಗೆ ಓಡಿದೆ.

ಬದುಕಿದ. ಆದರೆ ಆ ಪಶುವೈದ್ಯೆ ನನಗೆ ಬೈದದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಸ್ಪಂದನಾಳ ವಯಸ್ಸಿನ ಹುಡುಗಿ. “ಹಕ್ಕಿಗೆ ಯಾರಾದ್ರೂ ಮೆಣಸಿನಕಾಯಿ ಹೊಗೆ ಹಾಕ್ತಾರಾ? ಇದಕ್ಕೆ ದೃಷ್ಟಿನೂ ಇಲ್ಲ, ರೋಗನೂ ಇಲ್ಲ. ಒಂಟಿಯಾಗಿದೆ ಅಷ್ಟೆ” ಎಂದಳು. ಈ ಜಾತಿಯ ಹಕ್ಕಿ ಯಾರನ್ನಾದರೂ ಹಚ್ಚಿಕೊಂಡರೆ ದಿನವಿಡೀ ಅವರ ಮೈಗೆ ಅಂಟಿಕೊಂಡೇ ಇರಬೇಕಂತೆ, ಇಲ್ಲವೇ ಅದರದೇ ಜಾತಿಯ ಜೊತೆ ಬೇಕಂತೆ. ನಾನು ದಿನವಿಡೀ ಅಂಗಡಿಯಲ್ಲೇ ಇರುತ್ತೇನೆ ಎಂದರೆ, “ನೀವು ಬಟ್ಟೆ ನೋಡ್ತೀರೋ ಅದನ್ನ ನೋಡ್ತೀರೋ?” ಎಂದಳು. ಇನ್ನೂ ಮೂವತ್ತು ನಲವತ್ತು ವರ್ಷ ಬದುಕಬಹುದೆಂದಳು. ಆಮೇಲೆ ನನ್ನ ನರೆತ ತಲೆಗೂದಲು ನೋಡಿ ಚೀಟಿ ಬರೆಯತೊಡಗಿದಳು. ಆ ನೋಟವೇ ನನಗೆ ಹೆಚ್ಚು ಚುಚ್ಚಿತು.

ಮಧುಗಿರಿಯ ಪ್ರಭುದೇವ್, ಲೋಹಿತಾ ಎಂಬ ಗಂಡಹೆಂಡತಿಯ ನಂಬರ್ ಕೊಟ್ಟವಳೂ ಅವಳೇ. ಮಹಡಿಯ ಮೇಲೆ ಇಡೀ ಕೋಣೆಗೆ ಜಾಲರಿ ಹಾಕಿಸಿ ಇಂಥದ್ದೇ ಒಂದು ಹೆಣ್ಣು ಕಾಕಟೂ ಸಾಕಿದ್ದಾರೆ. ಅದರ ಜೊತೆಗಿದ್ದ ಗಂಡು ಸತ್ತುಹೋಗಿದೆಯಂತೆ. ನಾನು ಫೋನ್ ಮಾಡಲಿಲ್ಲ, ಆ ವೈದ್ಯೆ ಹೇಳಿದಳೆಂದು ಭಾನುವಾರ ಅವರೇ ಬಂದರು. ಆ ಲೋಹಿತಾ ಪಂಜರದ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಏನೂ ಮಾಡಲಿಲ್ಲ, ಸುಮ್ಮನೆ ಕೂತಳು. ನನ್ನನ್ನೇ ಎರಡು ಸಲ ಕಚ್ಚಿದ ಮಹಾಶಯ ತೆರೆದ ಪಂಜರದಿಂದ ಇಳಿದು ಬಂದು ಅವಳ ಮಡಿಲಲ್ಲಿ ತಲೆಯಿಟ್ಟು ಕತ್ತು ಕೆರೆಸಿಕೊಂಡ. ನನಗೆ ಎಲ್ಲಿತ್ತೋ ಸಿಟ್ಟು, “ನೋಡಿದ್ದಾಯ್ತಲ್ಲ, ಕೊಡೋ ಹಕ್ಕಿ ಅಲ್ಲ ಇದು, ಹೊರಡಿ” ಎಂದುಬಿಟ್ಟೆ. ಕಾಫಿಯನ್ನೂ ಕೊಡದೆ ಕಳಿಸಿದೆ. ನೀನಿದ್ದಿದ್ದರೆ ನನ್ನ ಮಾನ ಕಳೆಯುತ್ತಿದ್ದೆ. ಪಾಪ, ಆತ ಮೆಟ್ಟಿಲಿಳಿಯುವಾಗ, “ಯೋಚ್ನೆ ಮಾಡಿ ಸಾರ್” ಎಂದು ಕೈಮುಗಿದು ಹೋದ. ಯೋಚಿಸುವುದೇನಿದೆ? ನನ್ನ ತಮ್ಮನ ದನಿ ಈ ಭೂಮಿಯ ಮೇಲೆ ಇನ್ನೊಂದು ಕಡೆ ಎಲ್ಲೂ ಇಲ್ಲ. ಅವನ ಫೋನಿನಲ್ಲೂ ಇಲ್ಲ, ಹುಡುಕಿದ್ದೇನೆ. ಇದನ್ನು ಕೊಟ್ಟರೆ ಮಧ್ಯಾಹ್ನ ಉಂಡೆಯಾ ಎಂದು ನನ್ನನ್ನು ಕೇಳುವವರು ಯಾರು? ನೀನಂತೂ ತಿರುಮಣಿಯಲ್ಲಿದ್ದೀಯ.

ಆದ್ದರಿಂದ ದೊರೆಯನ್ನು ಕೊಡುವ ಮಾತು ಇನ್ನು ಎತ್ತಬೇಡ. ಮನೆಯ ಹಿಂದೆ ತಗಡಿನ ಕೋಣೆ ಕಟ್ಟಿಸುತ್ತೇನೆ, ಅವನನ್ನು ಅಲ್ಲಿಡುತ್ತೇನೆ, ಧೂಳು ಒಳಗೆ ಬರುವುದಿಲ್ಲ. ತಗಡಿನ ಕೋಣೆ ಬೇಸಿಗೆಯಲ್ಲಿ ಕಾದು ಬೆಂಕಿಯಾಗುತ್ತದೆ ಎಂದು ನೀನು ಹೇಳುತ್ತೀಯ. ಗೊತ್ತು. ಒಂಟಿಯಾಗಿದ್ದೇ ಗರಿ ಕೀಳುವವನನ್ನು ಇನ್ನೂ ಒಂಟಿ ಮಾಡಿದ ಹಾಗಾಗುತ್ತದೆ ಎಂದೂ ಹೇಳುತ್ತೀಯ. ಅದೂ ಗೊತ್ತು. ಏನೋ ಒಂದು ಮಾಡುತ್ತೇನೆ. ನೀನು ಕೂಸನ್ನೂ ಮಗಳನ್ನೂ ಕರೆದುಕೊಂಡು ಯುಗಾದಿಗೆ ಬಾ.

ಸ್ಪಂದನಾಗೆ ಅಪ್ಪನ ಆಶೀರ್ವಾದ. ತಣ್ಣೀರಿನಲ್ಲಿ ಕೈಯಾಡಿಸಬೇಡ ಎಂದು ಹೇಳು. ಬೀಗರಿಗೂ ಬೀಗಿತ್ತಿಗೂ ನಮಸ್ಕಾರ, ಮನಸ್ಸಿನಿಂದಲೇ ಬರೆದಿದ್ದೇನೆ. ಕೂಸಿನ ಕೆನ್ನೆ ಮುಟ್ಟಿ ನನ್ನ ಹೆಸರು ಹೇಳು.

ಇಂತಿ ನಿನ್ನ,
ಗಂಗಾಧರಯ್ಯ

ತಾ.ಕ.: ಬುಧವಾರ, ಮಧುಗಿರಿ ಬಸ್ ನಿಲ್ದಾಣ. ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಬೆಳಿಗ್ಗೆ ಪಂಜರದ ಬಟ್ಟೆ ಸರಿಸಿದರೆ ರೆಕ್ಕೆಯ ದೊಡ್ಡ ಗರಿಯನ್ನೂ ಕಿತ್ತುಕೊಂಡಿದ್ದ, ತಳದ ಪೇಪರ್ ಕೆಂಪಾಗಿತ್ತು. ಒಂದು ಮಾತು ಕೇಳುವ ಆಸೆಗೆ ನಾನು ಅವನನ್ನು ಸುಲಿಯುತ್ತಿದ್ದೇನೆ ಅನ್ನಿಸಿತು. ಕೂತು ಯೋಚಿಸಿದ್ದರೆ ಮನಸ್ಸು ತಿರುಗುತ್ತಿತ್ತು, ಅದಕ್ಕೆ ಹಾಗೇ ಪಂಜರ ಎತ್ತಿಕೊಂಡು ಮೊದಲ ಬಸ್ ಹತ್ತಿದೆ. ಪ್ರಭುದೇವ್ ಮನೆಯಲ್ಲಿ ಬಿಟ್ಟು ಬಂದೆ. ಆ ಹೆಣ್ಣು ಹಕ್ಕಿ ಜಾಲರಿಯ ಆ ಕಡೆ ಬಂದು ಕೂತಿತು, ಇವನು ಕಿರುಚುವುದನ್ನು ನಿಲ್ಲಿಸಿದ. ಅಷ್ಟು ನೋಡಿ ಇಳಿದೆ. ಈಗ ಕೊರಟಗೆರೆ ಬಸ್ಸೂ ನಿಂತಿದೆ, ನಿನ್ನ ಕಡೆಗೆ ಬರುವ ಪಾವಗಡದ ಬಸ್ಸೂ ನಿಂತಿದೆ. ಆ ಮನೆಗೆ ಇವತ್ತು ಒಬ್ಬನೇ ಹೋಗಲಾರೆ ಲಕ್ಷ್ಮೀ. ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತಿದ್ದೇನೆ. ಬಾಗಿಲಲ್ಲಿ ನಿಂತು ಇಷ್ಟೆಲ್ಲ ಬಾಯಲ್ಲಿ ಹೇಳಲು ನನಗಾಗುವುದಿಲ್ಲ, ನೀನು ಓದಿ ಮುಗಿಸುವವರೆಗೆ ಹೊರಗೇ ನಿಂತಿರುತ್ತೇನೆ. ಹಕ್ಕಿಯ ಧೂಳು ಮೈಮೇಲಿದೆ, ಬೇರೆ ಬಟ್ಟೆ ತಂದಿಲ್ಲ. ನವೀನನ ಒಂದು ಅಂಗಿ ಹೊರಗೆ ಕಳಿಸು. ದೊಗಲೆಯಾದರೂ ಚಿಂತೆಯಿಲ್ಲ. ಕೂಸನ್ನು ಎತ್ತಿಕೊಳ್ಳಬೇಕು.